ಲಸಿಕೆಗೆ ಮುಂಚಿನ ಒಂಬತ್ತು ತಿಂಗಳು

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಿಮ್ಮೂರಿನ ಅಂಗನವಾಡಿಯ ಬಾಗಿಲಲ್ಲಿ ನಿಂತು ನೋಡಿ. ಮೂರರಿಂದ ಆರು ವರ್ಷದ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಮಗಳನ್ನು ಬಿಡಲು ಬಂದ ತಾಯಿಯೊಬ್ಬಳ ಕಂಕುಳಲ್ಲಿ ಏಳು ತಿಂಗಳ ಕೂಸು. ಆಹಾರದ ಪೊಟ್ಟಣ ಪಡೆಯಲು ಬಂದ ಇನ್ನೊಬ್ಬಳ ತೋಳಲ್ಲಿ ಇನ್ನೂ ಚಿಕ್ಕದು. ಒಳಗೆ ಕುಳಿತಿರುವ ಒಬ್ಬ ಹುಡುಗನಿಗೆ ಸ್ವಲ್ಪ ಜ್ವರ, ನೆಗಡಿ, ಕೆಮ್ಮು. ಕಣ್ಣು ಕೆಂಪಾಗಿದೆ. ನೆಗಡಿ ಇಲ್ಲದ ಮಗು ಎಲ್ಲಿದೆ ಹೇಳಿ? ಯಾರೂ ಗಮನಿಸುವುದಿಲ್ಲ. ನಾಲ್ಕು ದಿನ ಕಳೆದ ಮೇಲೆ ಅವನ ಕಿವಿಯ ಹಿಂದೆ, ಹಣೆಯ ಮೇಲೆ ಕೆಂಪು ದದ್ದುಗಳು ಏಳುತ್ತವೆ. ಅದು ದಡಾರ. ಉತ್ತರ ಕರ್ನಾಟಕದ ಕೆಲವೆಡೆ ಇದನ್ನೇ ಗೊಬ್ಬರ ಎನ್ನುತ್ತಾರೆ.

ಈ ಚಿತ್ರದಲ್ಲಿ ಅತ್ಯಂತ ಅಪಾಯದಲ್ಲಿರುವವರು ಯಾರು? ಹುಡುಗನ ಪಕ್ಕದಲ್ಲಿ ಕುಳಿತ ಮಕ್ಕಳೆಂದು ನಿಮಗೆ ಅನ್ನಿಸಬಹುದು. ಆದರೆ ಬಾಗಿಲವರೆಗೆ ಮಾತ್ರ ಬಂದು ಹೋದ ಆ ಏಳು ತಿಂಗಳ ಕೂಸಿನ ಸ್ಥಿತಿ ಅವರಿಗಿಂತ ಕಷ್ಟದ್ದು. ಅದು ಏಕೆಂದು ತಿಳಿಯಲು ರೋಗ ಹರಡುವ ಬಗೆ, ಮಗುವಿನ ರಕ್ಷಣಾ ವ್ಯವಸ್ಥೆ ಎರಡನ್ನೂ ನೋಡಬೇಕು.

ದಡಾರದ ವೈರಸ್ ಗಾಳಿಯಲ್ಲಿ ಹರಡುತ್ತದೆ. ರೋಗಿ ಕೆಮ್ಮಿದಾಗ ಹೊರಬಿದ್ದ ಅತಿ ಸಣ್ಣ ಹನಿಗಳಲ್ಲಿರುವ ವೈರಸ್, ರೋಗಿ ಎದ್ದು ಹೋದ ಮೇಲೂ ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆಯವರೆಗೆ ಸೋಂಕು ತಗಲಿಸಬಲ್ಲದು. ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದ, ಎದ್ದ ಮೇಲೆ ನಾಲ್ಕು ದಿನದವರೆಗೆ ರೋಗಿಯಿಂದ ಸೋಂಕು ಹರಡುತ್ತದೆ. ಅಂದರೆ ರೋಗ ಯಾವುದೆಂದು ನಮಗೆ ತಿಳಿಯುವ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತದೆ. ಬಾಗಿಲಲ್ಲಿ ನಿಂತು ರೋಗಿಯನ್ನು ತಡೆಯುವ ಉಪಾಯ ಇಲ್ಲಿ ಸಾಕಾಗುವುದಿಲ್ಲ. ಕೈ ತೊಳೆಯುವುದು ವಾಂತಿಭೇದಿಯನ್ನು ತಡೆಯಲು ಬಹಳ ಒಳ್ಳೆಯದು. ಆದರೆ ದಡಾರದ ಮುಂದೆ ಅದರ ಆಟ ನಡೆಯದು.

ಈ ಲೆಕ್ಕಾಚಾರಗಳು ಹಳೆಯವು. 1846ರಲ್ಲಿ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಗೆ ಕೋಪನ್‌ಹೇಗನ್‌ನಿಂದ ಬಂದ ಒಬ್ಬ ಬಡಗಿಯ ಜೊತೆ ದಡಾರವೂ ಬಂತು. ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಡೆನ್ಮಾರ್ಕ್ ಸರಕಾರ ಕಳಿಸಿದ ತರುಣ ವೈದ್ಯ ಪೀಟರ್ ಪಾನಮ್ ಹಳ್ಳಿಯಿಂದ ಹಳ್ಳಿಗೆ ತಿರುಗಿ, ಸೋಂಕು ತಗಲಿದ ದಿನದಿಂದ ದದ್ದು ಏಳಲು 13-14 ದಿನ ಬೇಕೆಂದು ಗುರುತಿಸಿದ. ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬಿತ್ತು. 65 ವರ್ಷ ಹಿಂದೆ, 1781ರಲ್ಲಿ, ಬಾಲ್ಯದಲ್ಲಿ ದಡಾರ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಅದು ಬರಲಿಲ್ಲ! ವೈರಸ್ ಎಂಬುದೊಂದಿದೆ ಎಂದೇ ತಿಳಿಯದ ಕಾಲದಲ್ಲಿ ರೋಗನಿರೋಧಕ ಶಕ್ತಿಯ ನೆನಪು ಎಷ್ಟು ದೀರ್ಘವೆಂದು ಆತ ತೋರಿಸಿದ್ದ.

ಹುಟ್ಟಿದ ಕೂಸಿಗೆ ಅಂಥ ನೆನಪು ಎಲ್ಲಿಂದ ಬರಬೇಕು? ಅದು ಸಾಲ ಪಡೆಯುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಲ್ಲಿರುವ 'ಐಜಿಜಿ' ಎಂಬ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವಿಗೆ ಸಾಗುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಈ ಪಾಲು ಕಡಿಮೆ. ಹಸುವಿನಲ್ಲಿ ವ್ಯವಸ್ಥೆ ಬೇರೆ. ಅದರ ಮಾಸು ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಆದ್ದರಿಂದಲೇ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರು ಗಿಣ್ಣುಹಾಲು ಕುಡಿಯಲೇಬೇಕು. ಆ ಹಾಲಿನ ಪ್ರತಿಕಾಯಗಳು ಕರುವಿನ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತವೆ. (ಗಿಣ್ಣು ಮಾಡಿ ತಿನ್ನುವಾಗ ಕರುವಿನ ಪಾಲು ಮೊದಲು ಬಿಟ್ಟಿರಬೇಕು ಎಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ.) ಮನುಷ್ಯರ ಮಗುವಿನಲ್ಲಿ ಎದೆಹಾಲಿನ ಪ್ರತಿಕಾಯಗಳು ಹೆಚ್ಚಾಗಿ ಕರುಳು ಮತ್ತು ಗಂಟಲನ್ನು ಕಾಯುತ್ತವೆ, ಭೇದಿಯಿಂದ ಚೆನ್ನಾಗಿ ರಕ್ಷಿಸುತ್ತವೆ. ಆದರೆ 'ಹಾಲು ಕುಡಿಯುವ ಕೂಸಿಗೆ ದಡಾರ ಬಾರದು' ಎಂದು ನಂಬಿ ಕೂರುವಂತಿಲ್ಲ.

ಸಾಲ ಪಡೆದ ಪ್ರತಿಕಾಯಗಳು ದಿನೇ ದಿನೇ ಕರಗುತ್ತವೆ, ಮಗು ಅವನ್ನು ತಾನೇ ತಯಾರಿಸಲಾರದು. ಹಾಗಾದರೆ ಹುಟ್ಟಿದ ಕೂಡಲೇ ಲಸಿಕೆ ಹಾಕಬಾರದೇಕೆ? ದಡಾರದ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ದೇಹದಲ್ಲಿ ಸ್ವಲ್ಪ ಹೆಚ್ಚಿಕೊಂಡರೆ ಮಾತ್ರ ಮಗುವಿನ ರಕ್ಷಣಾ ಕೋಶಗಳು ಪಾಠ ಕಲಿಯುತ್ತವೆ. ತಾಯಿಯ ಪ್ರತಿಕಾಯಗಳು ಇನ್ನೂ ಉಳಿದಿದ್ದರೆ ಆ ವೈರಸ್ಸನ್ನು ಮೊದಲೇ ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಪಾಠ ಶುರುವಾಗುವ ಮೊದಲೇ ಗುರುವನ್ನು ಹೊರಗೆ ಕಳಿಸಿದಂತೆ! ಆದ್ದರಿಂದ ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಬಾಲ್ಯದಲ್ಲಿ ದಡಾರವನ್ನೇ ಅನುಭವಿಸಿದ ತಾಯಿಯ ರಕ್ತದಲ್ಲಿ ಪ್ರತಿಕಾಯಗಳು ಹೆಚ್ಚು, ಲಸಿಕೆಯಿಂದ ರಕ್ಷಣೆ ಪಡೆದ ತಾಯಿಯಲ್ಲಿ ಕಡಿಮೆ. ಭಾರತದ ಸಾರ್ವತ್ರಿಕ ಕಾರ್ಯಕ್ರಮದಲ್ಲಿ ಈ ಲಸಿಕೆ ಬಂದದ್ದು 1985ರಲ್ಲಿ. ಅನಂತರ ಹುಟ್ಟಿ ಲಸಿಕೆ ಪಡೆದ ಹೆಣ್ಣುಮಕ್ಕಳು ಈಗ ತಾಯಂದಿರು. ಅವರ ಕೂಸುಗಳ ಸಾಲದ ಗಂಟು ಚಿಕ್ಕದು, ಬೇಗ ಖಾಲಿಯಾಗುತ್ತದೆ. ಲಸಿಕೆಯ ಯಶಸ್ಸೇ ಈ ನಡುವಿನ ಕಂದಕವನ್ನು ಸ್ವಲ್ಪ ಅಗಲಗೊಳಿಸಿದೆ. 2022ರ ಕೊನೆಯಲ್ಲಿ ಮುಂಬಯಿಯಲ್ಲಿ ದಡಾರ ಹರಡಿದಾಗ, ರೋಗಿಗಳಲ್ಲಿ ಒಂಬತ್ತು ತಿಂಗಳೊಳಗಿನವರು ಶೇಕಡ 10ಕ್ಕಿಂತ ಹೆಚ್ಚಿರುವ ಪ್ರದೇಶಗಳಲ್ಲಿ ಆರು ತಿಂಗಳು ತುಂಬಿದ ಕೂಸುಗಳಿಗೂ ಒಂದು ಹೆಚ್ಚುವರಿ ಡೋಸ್ ಕೊಡಬಹುದೆಂದು ಕೇಂದ್ರ ಸರಕಾರ ಸೂಚಿಸಿದ್ದು ಇದಕ್ಕಾಗಿಯೇ.

ಸಾಮಾನ್ಯ ದಿನಗಳಲ್ಲಿ ಆ ಏಳು ತಿಂಗಳ ಕೂಸನ್ನು ಕಾಯುವುದು ಸುತ್ತಲಿನವರ ರೋಗನಿರೋಧಕ ಶಕ್ತಿ. ಎಷ್ಟು ಮಂದಿಯದು? ತರಗತಿಯಲ್ಲಿ ಈ ಲೆಕ್ಕ ಮಾಡಿಸಿ. ಯಾರಿಗೂ ರಕ್ಷಣೆಯಿಲ್ಲದ ಸಮುದಾಯದಲ್ಲಿ ಒಬ್ಬ ದಡಾರ ರೋಗಿ 12ರಿಂದ 18 ಮಂದಿಗೆ ಸೋಂಕು ಹರಡುತ್ತಾನೆ. 15 ಎಂದಿಟ್ಟುಕೊಳ್ಳಿ. ಅದು ಒಂದಕ್ಕಿಂತ ಕೆಳಗಿಳಿಯಬೇಕಾದರೆ 15ರಲ್ಲಿ 14 ಮಂದಿಗಾದರೂ ರಕ್ಷಣೆ ಇರಬೇಕು, ಅಂದರೆ ಶೇಕಡ 93ಕ್ಕೂ ಹೆಚ್ಚು.

ಈಗ 40 ಮಕ್ಕಳ ಒಂದು ಅಂಗನವಾಡಿಯನ್ನು ತೆಗೆದುಕೊಳ್ಳಿ. 36 ಮಕ್ಕಳಿಗೆ ಒಂದು ಡೋಸ್ ಆಗಿದೆ. ಶೇಕಡ 90! ಕಾರ್ಯಕರ್ತೆಗೆ ಸಮಾಧಾನ. ಆದರೆ ಒಂಬತ್ತು ತಿಂಗಳಲ್ಲಿ ಕೊಟ್ಟ ಮೊದಲ ಡೋಸ್ ಫಲಿಸುವುದು ಸುಮಾರು ಶೇಕಡ 85 ಮಕ್ಕಳಲ್ಲಿ. 36ರಲ್ಲಿ ಐವರಿಗೆ ಅದು ಹಿಡಿದಿಲ್ಲ. ಲಸಿಕೆಯಾಗದ ನಾಲ್ವರನ್ನು ಸೇರಿಸಿದರೆ ಒಂಬತ್ತು ಮಕ್ಕಳಿಗೆ ರಕ್ಷಣೆಯಿಲ್ಲ. ನಿಜವಾದ ಅಂಕಿ ಶೇಕಡ 78ರ ಹತ್ತಿರ. ಎಲ್ಲ 40 ಮಕ್ಕಳಿಗೂ ಒಂದೊಂದೇ ಡೋಸ್ ಹಾಕಿಸಿದರೂ ಅದು 85ಕ್ಕೆ ನಿಲ್ಲುತ್ತದೆ. ಎರಡನೆಯ ಡೋಸ್ ಬೇಕೇ ಬೇಕು; ಅದು ಮೊದಲ ಸಲ ಪಾಠ ಹಿಡಿಯದವರಿಗೆ ಮರುಪರೀಕ್ಷೆ. ಆ 36 ಮಕ್ಕಳಿಗೆ ಎರಡೂ ಡೋಸ್ ಆದರೆ ಬಹುತೇಕ ಎಲ್ಲರಿಗೂ ರಕ್ಷಣೆ ಸಿಗುತ್ತದೆ. ಆಗಲೂ ಶೇಕಡ 90 ಮಾತ್ರ! ಉಳಿದ ನಾಲ್ವರಲ್ಲಿ ಇಬ್ಬರಾದರೂ ಸೇರದೆ 93 ದಾಟುವುದಿಲ್ಲ. ಅಂಗನವಾಡಿ ಮುಚ್ಚಿದ ಪೆಟ್ಟಿಗೆಯಲ್ಲ, ಮಕ್ಕಳು ಊರೆಲ್ಲ ತಿರುಗುತ್ತಾರೆ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಪಟ್ಟಿಯ ಕೊನೆಯ ಆ ನಾಲ್ಕು ಹೆಸರುಗಳ ಬೆಲೆ ಎಷ್ಟೆಂದು ಇದರಿಂದ ಗೊತ್ತಾಗುತ್ತದೆ.

'ದಡಾರ ತಾನೇ, ಬಂದು ಹೋಗುತ್ತದೆ' ಎನ್ನುವವರು ಇನ್ನೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಮಂದಿ ಇದರಿಂದ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಸಾವಿಗೆ ಮುಖ್ಯ ಕಾರಣ ದದ್ದುಗಳಲ್ಲ, ಹಿಂದೆಯೇ ಬರುವ ನ್ಯುಮೋನಿಯ, ಭೇದಿ. ದಡಾರದ ವೈರಸ್ ಹಿಡಿದುಕೊಳ್ಳುವ ಗ್ರಾಹಕ ಅಣುಗಳು ನೆನಪಿನ ಲಿಂಫೋಸೈಟ್ ಕೋಶಗಳ ಮೇಲೆ ಹೇರಳ. ಹಿಂದೆ ಗೆದ್ದ ಸೋಂಕುಗಳ ನೆನಪನ್ನು ಉಳಿಸಿಕೊಂಡ ಆ ಕೋಶಗಳನ್ನೇ ಅದು ನಾಶ ಮಾಡುತ್ತದೆ. ಲಸಿಕೆ ಪಡೆಯದ 77 ಡಚ್ ಮಕ್ಕಳ ರಕ್ತವನ್ನು ದಡಾರ ಬರುವ ಮೊದಲೂ ಬಂದ ಮೇಲೂ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಇತರ ರೋಗಾಣುಗಳ ವಿರುದ್ಧದ ಪ್ರತಿಕಾಯಗಳು ಶೇಕಡ 11ರಿಂದ 73ರಷ್ಟು ಕಳೆದುಹೋಗಿದ್ದವು. ತನ್ನ ನೆನಪನ್ನು ಜೀವನಪೂರ್ತಿ ಬಿಟ್ಟು, ಉಳಿದ ರೋಗಗಳ ನೆನಪನ್ನು ಒರೆಸಿ ಹೋಗುವ ವೈರಸ್ ಇದು. ಲಸಿಕೆಯ ವೈರಸ್ ಹೀಗೆ ಮಾಡುವುದಿಲ್ಲ.

ಹಾಗಾದರೆ ದದ್ದು ಕಾಣಿಸಿದ ದಿನ ಏನು ಮಾಡಬೇಕು? ಮಗುವಿಗೆ 'ಅಮ್ಮ' ಬಂದಿದೆ ಎಂದು ಬೇವಿನ ಸೊಪ್ಪು ಕಟ್ಟಿ ಬೇರೆಯಾಗಿ ಮಲಗಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಬೇರೆ ಮಲಗಿಸುವುದು ಒಳ್ಳೆಯದೇ, ಅದನ್ನು ಹೀಗಳೆಯಬೇಡಿ. ಆದರೆ ಆಸ್ಪತ್ರೆಗೆ ತೋರಿಸದೆ ಮುಚ್ಚಿಡುವುದು ಅಪಾಯ. ದಡಾರ ಬಂದ ಮಗುವಿಗೆ ಎರಡು ದಿನ ಸತತವಾಗಿ 'ಎ' ಜೀವಸತ್ವ ಕೊಡಬೇಕು. ಅದರಿಂದ ಕಣ್ಣು ಉಳಿಯುತ್ತದೆ, ಸಾವಿನ ಸಂಭವ ಇಳಿಯುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ. ದದ್ದು ಎದ್ದ ಮೇಲೆ ನಾಲ್ಕು ದಿನ ಮಗು ಮನೆಯಲ್ಲಿರಲಿ. ಜ್ವರ ಮತ್ತು ದದ್ದು ಎರಡೂ ಇದ್ದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರಕ್ತ ಪರೀಕ್ಷೆಯಾಗದೆ ದಡಾರವೋ ರುಬೆಲ್ಲಾವೋ ಹೇಳುವುದು ಕಷ್ಟ.

ಸೋಂಕಿಗೆ ಒಡ್ಡಿಕೊಂಡ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗವನ್ನು ತಡೆಯುವ ಸಾಧ್ಯತೆ ಉಂಟು. ಆದರೆ ಸೋಮವಾರ ದದ್ದು ಎದ್ದ ಹುಡುಗನಿಂದ ಹಿಂದಿನ ಗುರುವಾರವೇ ಸೋಂಕು ಹರಡಲು ಶುರುವಾಗಿತ್ತು. ಗುರುವಾರ ಅವನ ಜೊತೆಗಿದ್ದವರ 72 ಗಂಟೆ ಭಾನುವಾರಕ್ಕೇ ಮುಗಿಯಿತು. ಹಾಗಾಗಿ ತಾಯಿ ಕಾರ್ಡ್‌ಗಳನ್ನು ನೋಡಿ ಎರಡನೆಯ ಡೋಸ್ ತಪ್ಪಿದವರ ಪಟ್ಟಿ ಮಾಡುವ ಕೆಲಸ ಯಾರಿಗೂ ಜ್ವರವಿಲ್ಲದ ತಿಂಗಳಲ್ಲೇ ಆಗಬೇಕು. ಕೂಸನ್ನು ಕರೆತರಬೇಡಿ ಎಂದು ಕೂಲಿಗೆ ಹೋಗುವ ತಾಯಿಗೆ ಹೇಳುವುದು ಸುಲಭ, ಆಕೆ ಪಾಲಿಸುವುದು ಸುಲಭವಲ್ಲ. ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ'ಯಂಥ ಶಿಶುಪಾಲನಾ ಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ದದ್ದು ಕಾಣಿಸಿದ ವಾರ ಮಾತ್ರ ಒಂಬತ್ತು ತಿಂಗಳೊಳಗಿನ ಕೂಸಿರುವ ಮನೆಗಳಿಗೆ ತಪ್ಪದೆ ಸುದ್ದಿ ಮುಟ್ಟಿಸಿ, ಆಹಾರದ ಪೊಟ್ಟಣವನ್ನು ಮನೆಗೇ ತಲುಪಿಸಿ. ಹಾಜರಿ ಪುಸ್ತಕದಲ್ಲಿ ಆ ಹುಡುಗ ಕೊನೆಯದಾಗಿ ಬಂದ ದಿನಕ್ಕೆ ಗುರುತು ಹಾಕಿ. ಅಲ್ಲಿಂದ 21 ದಿನ, ನೆಗಡಿ ಮತ್ತು ಕೆಂಗಣ್ಣಿನ ಪ್ರತಿ ಮಗುವನ್ನೂ ಎರಡು ಸಲ ನೋಡಿ.