ಮೀನಿಗೆ ಮುಂಚೆ ಅಮೋನಿಯಾ

ಉಪ್ಪುನೀರಿನ ತೊಟ್ಟಿ ಕಟ್ಟಿದ ಮರುದಿನವೇ ನೀರು ತಿಳಿಯಾಗಿರುತ್ತದೆ, ಪಂಪು ಓಡುತ್ತಿರುತ್ತದೆ, ಮನೆಮಂದಿ ಮೀನೆಲ್ಲಿ ಎಂದು ಕೇಳುತ್ತಿರುತ್ತಾರೆ. ಆದರೆ ಮೀನು ತಿಂದ ಪ್ರೋಟೀನಿನ ಸಾರಜನಕ ಬಹುಪಾಲು ಅಮೋನಿಯಾ ಆಗಿ ಕಿವಿರುಗಳ ಮೂಲಕ ಹೊರಬರುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಕಡಲಿನಲ್ಲಾದರೆ ಅದು ಎಲ್ಲೋ ಹಂಚಿಹೋಗುತ್ತದೆ. ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದಾದರೂ ಎಲ್ಲಿಗೆ? ಅದನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳು ಕಲ್ಲು, ಮರಳು, ಫಿಲ್ಟರುಗಳ ಮೇಲೆ ಬೇರೂರುವ ತನಕ ಕಾಯುವುದನ್ನೇ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ.

ಸಿಹಿನೀರಿನ ಮೀನು ಸಾಕಿ ಪಳಗಿದವರೂ ಇಲ್ಲಿ ಎಡವುವುದುಂಟು. ನೀರಿನಲ್ಲಿ ಅಮೋನಿಯಾ ಒಂದೇ ರೂಪದಲ್ಲಿರುವುದಿಲ್ಲ. ಒಂದಷ್ಟು ಅಮೋನಿಯಂ ಅಯಾನು ಆಗಿರುತ್ತದೆ, ಅದರಿಂದ ಅಷ್ಟು ಅಪಾಯವಿಲ್ಲ. ಉಳಿದದ್ದು ಮುಕ್ತ ಅಮೋನಿಯಾ. ಕಿವಿರು ದಾಟಿ ರಕ್ತಕ್ಕೆ ಸೇರುವ ವಿಷ ಇದೇ. ಯಾವುದು ಎಷ್ಟಿರಬೇಕೆಂದು ಮುಖ್ಯವಾಗಿ ತೀರ್ಮಾನಿಸುವುದು ಪಿಎಚ್. ಪಿಎಚ್ 7 ಇರುವ ಸಿಹಿನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಿಷದ ಪಾಲು ಸುಮಾರು ಶೇ. 0.5. ಪಿಎಚ್ 8.2ರ ಕಡಲ ನೀರಿನಲ್ಲಿ ಅದು ಶೇ. 6ರಿಂದ 7. ಸಾಮಾನ್ಯ ಟೆಸ್ಟ್ ಕಿಟ್ ಎರಡನ್ನೂ ಕೂಡಿಸಿಯೇ ತೋರಿಸುತ್ತದೆ. ಗೋಲ್ಡ್‌ಫಿಷ್ ತೊಟ್ಟಿಯಲ್ಲಿ ನೋಡಿಕೊಂಡರಾಯಿತು ಎಂದು ಬಿಟ್ಟ 1 ಪಿಪಿಎಂ, ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು ವಿಷ. ಅಮೋನಿಯಾದಿಂದ ಮುಂದೆ ಹುಟ್ಟುವ ನೈಟ್ರೈಟ್ ವಿಷಯದಲ್ಲಿ ಮಾತ್ರ ಕಡಲ ಮೀನಿನ ಅದೃಷ್ಟ ಚೆನ್ನಾಗಿದೆ: ಉಪ್ಪುನೀರಿನ ಕ್ಲೋರೈಡ್ ಅದನ್ನು ಕಿವಿರಿನಲ್ಲೇ ತಡೆಯುತ್ತದೆ.

ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಒಂದು ಗುಂಪಿನ ಜೀವಿಗಳು, ಅದನ್ನು ನೈಟ್ರೇಟ್ ಮಾಡುವುದು ಇನ್ನೊಂದು ಗುಂಪು. ಬ್ಯಾಕ್ಟೀರಿಯಾದ್ದೇ ಈ ಕೆಲಸವೆಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯೊಂದರ ಜಲ್ಲಿಯಿಂದಲೇ ನೈಟ್ರೊಸೊಪ್ಯುಮಿಲಸ್ ಸಿಕ್ಕಿತು; ಅದು ಬ್ಯಾಕ್ಟೀರಿಯಾವಲ್ಲ, ಆರ್ಕಿಯಾ ಎಂಬ ಬೇರೆಯೇ ಗುಂಪಿನ ಸೂಕ್ಷ್ಮಜೀವಿ. ಅದಕ್ಕೂ ಅಮೋನಿಯಾವೇ ಅನ್ನ. ಈ ಜೀವಿಗಳೆಲ್ಲ ನಿಧಾನಸ್ಥರು. ಕರುಳಿನ ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ದುಪ್ಪಟ್ಟಾದರೆ, ಇವಕ್ಕೆ ಹಲವು ಗಂಟೆಗಳಿಂದ ಒಂದು ದಿನಕ್ಕೂ ಹೆಚ್ಚು ಬೇಕು. ಸೈಕ್ಲಿಂಗ್‌ಗೆ ನಾಲ್ಕರಿಂದ ಆರು ವಾರ ಹಿಡಿಯುವುದು ಅದಕ್ಕೇ.

‘ಎರಡು ಡ್ಯಾಮ್ಸೆಲ್ ಬಿಡಿ ಸಾರ್, ಗಟ್ಟಿ ಮೀನು, ಸೈಕಲ್ ಆಗುತ್ತೆ’ ಎಂಬ ಸಲಹೆ ಅಂಗಡಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ನನಗಿದು ಒಪ್ಪಿಗೆಯಿಲ್ಲ. ಕಿವಿರು ಸುಟ್ಟುಕೊಂಡೂ ಬದುಕುವ ಮೀನನ್ನು ಗಟ್ಟಿ ಎನ್ನುವುದು ಕ್ರೌರ್ಯ. ಮೇಲಾಗಿ ಉಳಿದ ಡ್ಯಾಮ್ಸೆಲ್ ಆಮೇಲೆ ಬಂದ ಮೀನುಗಳನ್ನೆಲ್ಲ ಅಟ್ಟಾಡಿಸುತ್ತದೆ. ಮೀನಿಲ್ಲದೆ ಅಮೋನಿಯಾವನ್ನು ನಾವೇ ಹಾಕುವುದು ಲೇಸು. ಶುದ್ಧ ಅಮೋನಿಯಂ ಕ್ಲೋರೈಡ್ 0.6 ಗ್ರಾಂ, 100 ಲೀಟರಿಗೆ ಸುಮಾರು 2 ಪಿಪಿಎಂ ಕೊಡುತ್ತದೆ. ಕಲಾಯಿಯವರ ನವಸಾಗರವೂ ಇದೇ ವಸ್ತುವಾದರೂ ಅದರಲ್ಲಿ ಲೋಹದ ಕಲ್ಮಶ ಇರಬಹುದು, ಬೇಡ. ಟೆಸ್ಟ್ ಟ್ಯೂಬಿನ ಹಳದಿ ಎಷ್ಟು ಹಸಿರಾಯಿತೆಂಬುದನ್ನು ಹಗಲಿನಲ್ಲಿ, ಬಿಳಿ ಹಾಳೆಯ ಮುಂದೆ ಹಿಡಿದು ನೋಡಿ; ಟ್ಯೂಬ್‌ಲೈಟಿನಡಿ 1 ಯಾವುದು 2 ಯಾವುದು ಗೊತ್ತಾಗುವುದಿಲ್ಲ. ಅಂಕಿ ಇಳಿದಾಗ ಮತ್ತೆ 2ಕ್ಕೆ ಏರಿಸಿ. ಹೆಚ್ಚು ಹಾಕಿದರೆ ಬೇಗ ಆದೀತೆಂಬ ಆಸೆ ಬೇಡ: 5 ದಾಟಿದರೆ ಈ ಜೀವಿಗಳೇ ಹಿಂದೆ ಬೀಳುತ್ತವೆ, ಆಗಷ್ಟೇ ಒಂದಿಷ್ಟು ನೀರು ಬದಲಿಸಿ. ಉಳಿದಂತೆ ಮೀನಿಲ್ಲದ ತೊಟ್ಟಿಯಲ್ಲಿ ಅಮೋನಿಯಾ ಕಂಡೊಡನೆ ನೀರು ಚೆಲ್ಲುವುದೆಂದರೆ ಅವುಗಳ ಊಟ ಕಸಿದಂತೆ.

ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲವೂ ಹುಟ್ಟುವುದರಿಂದ, ನಾಲ್ಕೈದು ಸಲ ಹೀಗೆ ಉಣಿಸುವಷ್ಟರಲ್ಲಿ ನೀರಿನ ಕ್ಷಾರೀಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರಬಹುದು. ಅಮೋನಿಯಾದ ಅಂಕಿ ಅಲ್ಲಾಡದೆ ನಿಂತರೆ ಮೊದಲು ಅದನ್ನೂ ಪಿಎಚ್ ಅನ್ನೂ ನೋಡಬೇಕು. ಕರೆಂಟು ಗಂಟೆಗಟ್ಟಲೆ ಹೋಗುವ ಊರಾದರೆ ಗಾಳಿಪಂಪಿಗೆ ಯುಪಿಎಸ್ ಇರಲಿ. ಆಮ್ಲಜನಕವಿಲ್ಲದೆ ಇವು ದುಡಿಯಲಾರವು.

ವಿದೇಶಿ ಪುಸ್ತಕಗಳು ಕಡಲಿನಿಂದ ತಂದ ‘ಲೈವ್ ರಾಕ್’, ಅಂದರೆ ಈ ಜೀವಿಗಳು ಆಗಲೇ ನೆಲೆಸಿರುವ ಹವಳದ ಕಲ್ಲು, ಹಾಕಿ ಎನ್ನುತ್ತವೆ. ನಮ್ಮಲ್ಲಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಆ ದಾರಿ ಹಿಡಿಯುವಂತಿಲ್ಲ. ಒಣಗಲ್ಲಿನಿಂದಲೇ ಶುರುಮಾಡಿ, ಪರಿಚಯದವರ ಹಳೆಯ ಉಪ್ಪುನೀರಿನ ಫಿಲ್ಟರಿನ ಒಂದು ತುಂಡು ಸ್ಪಂಜನ್ನು ಹೆಪ್ಪು ಹಾಕಿದರೆ ವಾರಗಳು ಉಳಿಯುತ್ತವೆ. ಆ ತೊಟ್ಟಿಯ ಮೀನುಗಳು ರೋಗವಿಲ್ಲದೆ ಇರಬೇಕು, ಅಷ್ಟೇ.

ಸಂಜೆ ಹಾಕಿದ 2 ಪಿಪಿಎಂ ಮರುದಿನ ಸಂಜೆಗೆ ಸೊನ್ನೆ, ನೈಟ್ರೈಟ್ ಕೂಡ ಸೊನ್ನೆ ಎಂದಾದರೆ ಸೈಕಲ್ ಮುಗಿಯಿತು. ನೈಟ್ರೇಟ್ ಇಳಿಸಲು ಈಗ ಧಾರಾಳವಾಗಿ ನೀರು ಬದಲಿಸಿ, ಮೊದಲಿಗೆ ಒಂದು ಜೋಡಿ ಮೀನು ತನ್ನಿ. ತೊಟ್ಟಿಯಲ್ಲೇ ಮರಿಯಾದ ಕ್ಲೌನ್‌ಫಿಷ್ ಸಿಕ್ಕರೆ ಉತ್ತಮ. ದೂರದಿಂದ ಬಂದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಕುಸಿದಿರುತ್ತದೆ, ಅಲ್ಲಿಯ ಅಮೋನಿಯಾ ಬಹುಪಾಲು ನಿರುಪದ್ರವಿ ರೂಪದಲ್ಲಿರುತ್ತದೆ. ಬಾಯಿ ಬಿಚ್ಚಿ ಗಾಳಿಯಾಡಲು ಬಿಟ್ಟರೆ ಪಿಎಚ್ ಏರಿ ಅದೇ ನೀರು ವಿಷವಾಗುತ್ತದೆ. ಹಾಗಾಗಿ ಚೀಲವನ್ನು ಮುಚ್ಚಿದಂತೆಯೇ ತೇಲಿಬಿಟ್ಟು ಉಷ್ಣತೆ ಹೊಂದಿಸಿ. ಬಿಚ್ಚಿದ ಮೇಲೆ ಉಪ್ಪಿನಂಶ ತಾಳೆ ನೋಡಿ, ತಡಮಾಡದೆ ಮೀನನ್ನಷ್ಟೇ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಚೆಲ್ಲಿ.