ಹಿಂಬದಿ ಹಲಗೆ ನೋಡಿ, ಆಮೇಲೆ ಮೋಟಾರ್ ಕೂರಿಸಿ

ಮಹಾಲಕ್ಷ್ಮಿ ಲೇಔಟ್‌ನಲ್ಲಿ ದೋಣಿಯ ಮಾತೇಕೆ ಅಂತ ನೀವು ಕೇಳಬಹುದು. ನಮ್ಮಲ್ಲಿ ಕಡಲೂ ಇಲ್ಲ, ಹೊಳೆಯೂ ಇಲ್ಲ. ಆದರೆ ಈ ಬಡಾವಣೆಯಲ್ಲಿ, ಕುರುಬರಹಳ್ಳಿ, ನಂದಿನಿ ಲೇಔಟ್, ಪೀಣ್ಯದ ಕಡೆಯಲ್ಲಿ ಕರಾವಳಿಯಿಂದ ಕೆಲಸಕ್ಕೆ ಬಂದು ನೆಲೆಸಿದವರಿದ್ದಾರೆ. ಊರಿನಲ್ಲಿ ಅಣ್ಣನೋ ಮಾವನೋ ಇನ್ನೂ ಕಡಲಿಗೆ ಹೋಗ್ತಾರೆ. ಮೇ ತಿಂಗಳ ರಜೆಗೆ ಊರಿಗೆ ಹೋದರೆ ದೋಣಿ ರಿಪೇರಿಗೆ ಕೈಜೋಡಿಸಬೇಕಾಗುತ್ತದೆ.

ಮೇ ತಿಂಗಳಲ್ಲೇ ಯಾಕೆಂದರೆ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿವರೆಗಿನ ಮೋಟಾರ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಅದಕ್ಕೇ ನಮ್ಮ ಕರಾವಳಿಯಲ್ಲಿ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರ್ ಅಷ್ಟು ಕಾಣಸಿಗುವುದು. ಮಳೆಗಾಲದ ಆ ಎರಡು ತಿಂಗಳು ನಾಡದೋಣಿಯವರಿಗೆ ಗಳಿಕೆಯ ಕಾಲ, ಅಪಾಯದ ಕಾಲವೂ ಅದೇ. ಗಂಗೊಳ್ಳಿ, ಹೊನ್ನಾವರದಂಥ ಕಡೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅಲ್ಲಿ ಮೋಟಾರ್ ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ಅಲೆಯೇ ಮಗುಚಬಹುದು.

ಮೋಟಾರ್ ಕೈಕೊಡೋದು ಅಂದರೆ ಎಂಜಿನ್ ಕೆಡುವುದು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಎಂಜಿನ್ ಚೆನ್ನಾಗಿದ್ದೂ ಅದನ್ನು ಹಿಡಿದುಕೊಂಡ ಹಲಗೆ ಕೊಳೆತಿದ್ದರೆ? ಫೈಬರ್ ದೋಣಿಯ ಹಿಂಬದಿ ಹಲಗೆ ಹೊರಗೆ ಫೈಬರ್ ಆದರೂ ಒಳಗೆ ಸಾಮಾನ್ಯವಾಗಿ ಮರ ಅಥವಾ ಪ್ಲೈವುಡ್. ಸುಮಾರು 40 ಕಿಲೋ ತೂಕದ ಮೋಟಾರ್ ಅದರ ಮೇಲೆ ನೇತಾಡುತ್ತದೆ. ಓಡುವಾಗ ಪ್ರೊಪೆಲ್ಲರ್ ತಳದಲ್ಲಿ ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ, ಆದ್ದರಿಂದ ಬ್ರಾಕೆಟ್‌ನ ಕೆಳಭಾಗ ಹಲಗೆಯನ್ನು ಒತ್ತುತ್ತದೆ, ಮೇಲಿನ ಬೋಲ್ಟ್‌ಗಳು ಹಿಂದಕ್ಕೆ ಜಗ್ಗುತ್ತವೆ. ಸನಿಕೆಯ ತುದಿ ನೆಲದಲ್ಲಿ ಊರಿ ಹಿಡಿ ಎಳೆದ ಹಾಗೆ. ಬೋಲ್ಟ್ ತೂತಿನ ಸುತ್ತ ಕೂದಲೆಳೆಯ ಬಿರುಕು ಬರುವುದು ಇದರಿಂದಲೇ. ಆ ಬಿರುಕಿನಲ್ಲಿ ನೀರು ಮರಕ್ಕೆ ಇಳಿಯುತ್ತದೆ. ಮೇಲೆ ಬಣ್ಣ ಹೊಳೀತಾ ಇರುತ್ತೆ, ಒಳಗೆ ಮರ ಪುಡಿಯಾಗಿರುತ್ತೆ. ಹಾಗಾಗಿ ಮೋಟಾರ್ ಕೂರಿಸೋದು, ಜೆಲ್‌ಕೋಟ್ ಸರಿಮಾಡೋದು ಎರಡು ಬೇರೆ ಕೆಲಸ ಅಂತ ನಾವು ಹೇಳುವುದಿಲ್ಲ. ಎರಡೂ ಮರಕ್ಕೆ ನೀರು ಹೋಗದಂತೆ ತಡೆಯುವ ಒಂದೇ ಕೆಲಸ.

ಮೊದಲು ಪರೀಕ್ಷೆ. ಮೋಟಾರ್ ಇಳಿಸಿ, ಹಲಗೆಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಅಂಗೈಯಷ್ಟು ಅಂತರದಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಎನ್ನುವ ಸದ್ದು ಬರುತ್ತೆ. ಕೊಳೆತಿದ್ದರೆ ಒದ್ದೆ ಗೋಡೆ ತಟ್ಟಿದಂತೆ ಮಂದ ಸದ್ದು. ಹಳೆಯ ಬೋಲ್ಟ್ ತೂತಿನಿಂದ ಕಂದು ನೀರು ಒಸರಿದರೂ ಅದೇ ಅರ್ಥ. ಅಂಥ ಹಲಗೆಗೆ ಮೇಲಿಂದ ಏನು ಬಳಿದರೂ ಪ್ರಯೋಜನವಿಲ್ಲ. ಒಳಗಿನ ಮರವನ್ನೇ ಬದಲಿಸಬೇಕು, ಅದು ದೋಣಿ ಕಟ್ಟುವವರ ಕೆಲಸ. ಅದಕ್ಕೆ ತಗಲುವ ಹಣ ನೋಡಿ 'ಈ ವರ್ಷ ಹಿಂಗೇ ನಡೀಲಿ' ಅನ್ನಬೇಡಿ.

ಹಲಗೆ ಗಟ್ಟಿಯಿದ್ದರೆ ಬಿರುಕನ್ನು ನೀವೇ ಮುಚ್ಚಬಹುದು. ಜೆಲ್‌ಕೋಟ್ ಎಂದರೆ ಫೈಬರ್ ಮೇಲಿನ ಬಣ್ಣದ ರಾಳದ ಪದರ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. 2018ರ ಆಗಸ್ಟ್‌ನಲ್ಲಿ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ನೆರೆಯಲ್ಲಿ ಸಿಕ್ಕಿದ ಜನರನ್ನು ಕಾಪಾಡಿದ್ದು ನಮಗೆಲ್ಲ ನೆನಪಿದೆ. ಮುಳುಗಿದ ರಸ್ತೆ, ಕಾಂಪೌಂಡ್ ಗೋಡೆಗಳ ಮೇಲೆ ಉಜ್ಜಿ ಆಗ ಎಷ್ಟೋ ದೋಣಿಗಳ ತಳ ಕಿತ್ತುಹೋಯಿತು. ಅಂಥ ಗಾಯದಲ್ಲಿ ಒಳಗಿನ ಫೈಬರ್ ಎಳೆ ಬಿಳಿಯಾಗಿ ಕಂಡರೆ ಬರೀ ಜೆಲ್‌ಕೋಟ್ ಸಾಲದು. ಸುತ್ತಲೂ ಅಗಲವಾಗಿ ಇಳಿಜಾರು ಮಾಡಿ ಉಜ್ಜಿ, ಮ್ಯಾಟ್ ಮತ್ತು ರೆಸಿನ್ ಪದರ ಹಾಕಬೇಕು. ಬಿರುಕು ಮೇಲ್ಪದರದಲ್ಲೇ ಇದ್ದರೆ ಅದನ್ನು ಚೂಪು ಹತಾರದಿಂದ ಇಂಗ್ಲಿಷಿನ 'ವಿ' ಆಕಾರಕ್ಕೆ ಕೆರೆದು ಅಗಲ ಮಾಡಿ. ಕೆರೆಯದೆ ಮೇಲೆ ಹಚ್ಚಿದರೆ ಕೆಲವೇ ದಿನಗಳಲ್ಲಿ ಅದೇ ಗೆರೆ ಮತ್ತೆ ಕಾಣುತ್ತದೆ. ಅಸಿಟೋನ್ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಜೆಲ್‌ಕೋಟ್ ಅನ್ನು ಸ್ವಲ್ಪ ಉಬ್ಬುವಂತೆ ತುಂಬಿ.

ಇನ್ನು ಮಿಶ್ರಣದ ಮಾತು. ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಅಂಗಡಿಗಳಲ್ಲಿ ರೆಸಿನ್ ಜೊತೆಗೆ ಎರಡು ಸಣ್ಣ ಬಾಟಲಿ ಕೊಡುವುದುಂಟು. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನಂತೆ ತಿಳಿಯಾಗಿರುವುದು ಹಾರ್ಡನರ್. ಇವೆರಡನ್ನೂ ಒಂದಕ್ಕೊಂದು ನೇರವಾಗಿ ಬೆರೆಸಿದರೆ ಬೆಂಕಿ ಹತ್ತಿಕೊಂಡು ಸಿಡಿಯಬಹುದು. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬೇರೆ ಕಡ್ಡಿಯಿಂದ ಹಾರ್ಡನರ್ ಸೇರಿಸಬೇಕು. ಅಳತೆಯ ಲೋಟವೂ ಬೇರೆ. ಕೋಬಾಲ್ಟ್ ಮೊದಲೇ ಬೆರೆಸಿದ ಡಬ್ಬಿ ಸಿಕ್ಕರೆ ಅದನ್ನೇ ಕೊಳ್ಳಿ. ಹಾರ್ಡನರ್ ಪ್ರಮಾಣ 100 ಗ್ರಾಂ ಜೆಲ್‌ಕೋಟ್‌ಗೆ 1ರಿಂದ 2 ಗ್ರಾಂ, ಡಬ್ಬಿಯ ಮೇಲೆ ಬರೆದಂತೆ. ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಕಡಿಮೆ ಪ್ರಮಾಣವೇ ಸಾಕು. ಬೆಳಗಿನ ಹೊತ್ತು, ನೆರಳಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಬೇಕೇ ಬೇಕು. ಬಿದ್ದರೆ ತಕ್ಷಣ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ. ರೆಸಿನ್ ವಾಸನೆಗೆ ಮೂಗಿಗೆ ಕಟ್ಟಿದ ಟವೆಲ್ ಯಾವ ತಡೆಯೂ ಅಲ್ಲ. ಬಯಲಲ್ಲಿ ಕೆಲಸ ಮಾಡಿ, ರಾಸಾಯನಿಕ ಆವಿ ತಡೆಯುವ ಮಾಸ್ಕ್ ಹಾಕಿ, ಬೀಡಿ-ಸಿಗರೇಟು ದೂರವಿಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. 'ಬರುವಾಗ ಪೀಣ್ಯದಿಂದ ರೆಸಿನ್ ತಾ' ಅಂತ ಊರಿಂದ ಫೋನ್ ಬಂದರೆ ಒಪ್ಪಿಕೊಳ್ಳಬೇಡಿ. ರೆಸಿನ್, ಹಾರ್ಡನರ್, ಅಸಿಟೋನ್ ಮೂರೂ ಬೆಂಕಿಯ ಸಾಮಾನು. ಯಶವಂತಪುರದಲ್ಲಿ ರೈಲು ಹತ್ತುವಾಗ ಬ್ಯಾಗಿನಲ್ಲಿ ಇಂಥದ್ದು ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ರಾತ್ರಿ ಬಸ್ಸಿಗೂ ಹತ್ತಿಸಬೇಡಿ, ಅದರಲ್ಲಿ ಎಷ್ಟು ಜನ ಮಲಗಿರುತ್ತಾರೆ! ಮಂಗಳೂರು, ಮಲ್ಪೆಯಲ್ಲಿ ದೋಣಿಯ ಸಾಮಾನೆಲ್ಲ ಸಿಗುತ್ತದೆ. ಇಲ್ಲಿಂದ ಒಯ್ಯಬೇಕೆಂದರೆ ಒಳ್ಳೆಯ ಸ್ಟೇನ್‌ಲೆಸ್ ಬೋಲ್ಟ್, ಮಾಸ್ಕ್, ಕನ್ನಡಕ ಒಯ್ಯಿರಿ.

ಗಾಳಿ ತಾಗಿದ ಜೆಲ್‌ಕೋಟ್ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಹಚ್ಚಿದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಳಿಗುಳ್ಳೆ ಇಲ್ಲದಂತೆ ಅಂಟಿಸಿಬಿಡಿ. ಮರುದಿನ ಹಾಳೆ ಕಿತ್ತು, 220ರಿಂದ ಶುರುಮಾಡಿ 400, 600, 1000ರ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ. ನಲ್ಲಿ ಪೈಪಿಗೆ ಹಚ್ಚುವ ಎಂ-ಸೀಲ್ ತುಂಬಿದ ಜಾಗ ಇದ್ದರೆ ನೆನಪಿಡಿ. ಅದು ಎಪಾಕ್ಸಿ, ಅದರ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯೋದಿಲ್ಲ. ಅದನ್ನು ಕೆತ್ತಿ ತೆಗೆಯಿರಿ, ಇಲ್ಲವೇ ಪೇಂಟ್ ಮಾಡಿ.

ಈಗ ಮೋಟಾರ್. ಹಲಗೆಯ ನಟ್ಟನಡುವೆ ಗುರುತು ಹಾಕಿ, ಎರಡೂ ಅಂಚಿನಿಂದ ಅಳೆದು ನೋಡಿ. ಮೋಟಾರಿನ ಕಾಲು ಗಿಡ್ಡದ್ದು 15 ಇಂಚು, ಉದ್ದದ್ದು 20 ಇಂಚು. ಹಲಗೆಯ ಎತ್ತರ ಅದಕ್ಕೆ ಹೊಂದಬೇಕು. ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ, ಅಥವಾ ಒಂದಿಂಚು ಕೆಳಗೆ ಇದ್ದರೆ ಸರಿ. ಎತ್ತರವಾದರೆ ಅಲೆಯಲ್ಲಿ ಪ್ರೊಪೆಲ್ಲರ್ ಗಾಳಿ ನುಂಗಿ ಬರಿದೇ ಸುತ್ತುತ್ತದೆ. ತೀರಾ ಇಳಿದರೆ ಎಣ್ಣೆ ದಂಡ.

ಕೈತಿರುಪಿನ ಎರಡು ಕ್ಲಾಂಪ್ ಮಾತ್ರ ನಂಬಬೇಡಿ, ನಡುಕಕ್ಕೆ ಸಡಿಲವಾಗುತ್ತವೆ. ಆರುಪಾರು ಬೋಲ್ಟ್ ಹಾಕಿ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಒಂದು ದಿನ ಹೆಚ್ಚು ಹಿಡಿಯುತ್ತೆ, ಆದರೆ ನಾಳೆ ಬೋಲ್ಟಿನ ಪಕ್ಕ ನೀರು ಇಳಿದರೂ ಅದಕ್ಕೆ ಮರ ಸಿಗುವುದಿಲ್ಲ. ಈ ಕೆಲಸವನ್ನು ಯಾರೂ ಬಿಡಬಾರದು ಎಂಬುದು ನಮ್ಮ ಕಳಕಳಿ. ಬೋಲ್ಟಿಗೆ ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ. ಬಚ್ಚಲುಮನೆಯ ಸಿಲಿಕೋನ್ ಬೇಡ, ಅದು ತಾಗಿದ ಜಾಗದಲ್ಲಿ ಮುಂದೆ ಜೆಲ್‌ಕೋಟೂ ಹಿಡಿಯದು, ಬಣ್ಣವೂ ಹಿಡಿಯದು. ಒಳಬದಿಗೆ ಅಗಲವಾದ ವಾಷರ್, ನೈಲಾನ್ ಬಳೆಯ ಲಾಕ್‌ನಟ್ ಹಾಕಿ. ಮೋಟಾರಿನಿಂದ ದೋಣಿಯ ಗಟ್ಟಿ ಕೊಂಡಿಗೆ ಒಂದು ಹಗ್ಗವೋ ಸರಪಳಿಯೋ ಇರಲಿ. ಎಂಜಿನ್ ನಿಲ್ಲಿಸುವ ಸುರುಳಿದಾರ ನಡೆಸುವವರ ಕೈಗೆ ಕಟ್ಟಿರಬೇಕು. ಬಿದ್ದವರ ಮೇಲೆ ಪ್ರೊಪೆಲ್ಲರ್ ಹರಿಯದಂತೆ ತಡೆಯುವುದು ಅದೇ.

ಮೊದಲ ಓಟ ಹೊಳೆಯ ಒಳಗೇ ಆಗಲಿ, ಅಳಿವೆ ದಾಟಬೇಡಿ. ಒಂದು ಗಂಟೆ ಓಡಿಸಿ ದಡಕ್ಕೆ ತಂದು, ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ, ಬೋಲ್ಟಿನ ಒಳಬದಿಯನ್ನು ಒಣ ಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆ ಒದ್ದೆಯಾದರೆ ಆ ಬೋಲ್ಟ್ ಬಿಚ್ಚಿ, ಒಣಗಿಸಿ, ಹೊಸದಾಗಿ ಸೀಲಂಟ್ ಹಚ್ಚಿ ಕೂರಿಸಿ.