ಕಾಲೆಳೆಯುವುದರಿಂದ ಬಿಲ್ಡಪ್‌ವರೆಗೆ: ಕನ್ನಡದ ಮಾತಿಗೆ ಬಂದ ಇಂಗ್ಲಿಷ್ ನುಡಿಗಟ್ಟು

ಬಿಡಿಬಿಡಿ ಪದಗಳ ಅರ್ಥ ಕೂಡಿಸಿದರೆ ಸಿಗದ, ಇಡಿಯಾಗಿ ಬೇರೆಯೇ ಅರ್ಥ ಕೊಡುವ ಮಾತಿಗೆ ನುಡಿಗಟ್ಟು ಎನ್ನುತ್ತಾರೆ. ‘ಸಮಯಕ್ಕೆ ಸರಿಯಾಗಿ ಕೈ ಕೊಟ್ಟ’ ಎಂದರೆ ನಂಬಿಸಿ ಮೋಸ ಮಾಡಿದ ಎಂದರ್ಥ. ‘ಹೊಟ್ಟೆಯುರಿ’ಗೆ ಔಷಧದಂಗಡಿಯಲ್ಲಿ ಮದ್ದಿಲ್ಲ. ಇಂಗ್ಲಿಷಿನ ‘ಇಡಿಯಂ’ ಇದೇ ಜಾತಿಗೆ ಸೇರಿದ್ದು. ‘ಸ್ಲ್ಯಾಂಗ್’ ಸ್ವಲ್ಪ ಬೇರೆ. ಕಾಲೇಜು ಹುಡುಗರು, ಪೊಲೀಸರು, ಐಟಿ ನೌಕರರು ಹೀಗೆ ಒಂದೊಂದು ಗುಂಪು ತನ್ನೊಳಗೆ ಸಲಿಗೆಯಿಂದ ಆಡುವ ಮಾತು ಅದು. ಬೇಗ ಹುಟ್ಟುತ್ತದೆ, ಬೇಗ ಹಳತಾಗುತ್ತದೆ. ನುಡಿಗಟ್ಟು ಪಠ್ಯಪುಸ್ತಕದಲ್ಲೂ ಸಲ್ಲುತ್ತದೆ, ಸ್ಲ್ಯಾಂಗ್ ಸಲಿಗೆಯಿದ್ದ ಕಡೆ ಮಾತ್ರ ಸಲ್ಲುತ್ತದೆ.

ಕನ್ನಡದಲ್ಲಿ ಈ ಎರಡೂ ಬಗೆಯ ಇಂಗ್ಲಿಷ್ ಮಾತುಗಳು ಧಾರಾಳವಾಗಿ ಬೆರೆತಿವೆ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಸಿತು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಕಚೇರಿ, ಕೋರ್ಟು, ಕಾಲೇಜುಗಳ ಭಾಷೆ ಇಂಗ್ಲಿಷಾಯಿತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಇಂಗ್ಲಿಷ್. ಬೆಳಿಗ್ಗೆ ಕಚೇರಿಗೆ ಹೋದವರು ಸಂಜೆ ಮನೆಗೆ ಮರಳುವಾಗ ಅಲ್ಲಿನ ಮಾತನ್ನೂ ಜೊತೆಗೆ ತಂದರು.

ಈ ಬೆರಕೆ ಮಾತನ್ನು ರಂಗದ ಮೇಲೆ ತಂದು ನಗಿಸಿದವರು ಟಿ.ಪಿ. ಕೈಲಾಸಂ (1884–1946). ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಅವರು ‘ಟೊಳ್ಳುಗಟ್ಟಿ’, ‘ಪೋಲಿ ಕಿಟ್ಟಿ’, ‘ಹೋಂ ರೂಲು’ ಮುಂತಾದ ನಾಟಕಗಳಲ್ಲಿ ಮಧ್ಯಮವರ್ಗದ ಮನೆಗಳ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಸಂಭಾಷಣೆಯನ್ನು ಇದ್ದಂತೆಯೇ ಇಟ್ಟರು. ಪಾತ್ರದ ಓದು, ಜಂಭ, ಅಂತಸ್ತು ಎಲ್ಲವೂ ಅದು ಬಳಸುವ ಇಂಗ್ಲಿಷಿನಿಂದಲೇ ತಿಳಿಯುತ್ತಿತ್ತು. 1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಇಂಗ್ಲಿಷ್ ನುಡಿಗಟ್ಟುಗಳು ಕನ್ನಡಕ್ಕೆ ಬಂದ ದಾರಿ ಮುಖ್ಯವಾಗಿ ಮೂರು: ಅನುವಾದಗೊಂಡು, ಇದ್ದಂತೆಯೇ, ಮತ್ತು ಹೊಸ ರೂಪ ತಾಳಿ.

ಅನುವಾದಗೊಂಡು ಬಂದವು

ಈ ದಾರಿಯನ್ನು ಅಗಲ ಮಾಡಿದವರು ಪತ್ರಕರ್ತರು. ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ರಾತ್ರಿಯೊಳಗೆ ಕನ್ನಡಕ್ಕೆ ತಿರುಗಿಸಬೇಕಾದ ಉಪಸಂಪಾದಕರು ನುಡಿಗಟ್ಟನ್ನೂ ಹಾಗೆಯೇ ತಿರುಗಿಸಿದರು. ಮೈಲಿಗಲ್ಲು, ನೀಲನಕ್ಷೆ, ಶ್ವೇತಪತ್ರ, ಶೀತಲ ಸಮರ, ಮೊಸಳೆ ಕಣ್ಣೀರು, ಬೆಳಕು ಚೆಲ್ಲು, ಒಂದೇ ಕಲ್ಲಿಗೆ ಎರಡು ಹಕ್ಕಿ, ಬಾಣಲೆಯಿಂದ ಬೆಂಕಿಗೆ ಮುಂತಾದವು ಇಂದು ಹೊರಗಿನವು ಎಂದು ಯಾರಿಗೂ ಅನ್ನಿಸುವುದಿಲ್ಲ.

ಇವುಗಳ ಹಿಂದೆ ಒಂದೊಂದು ಕತೆಯಿದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಛಾಯಾಮುದ್ರಣ ವಿಧಾನದಲ್ಲಿ ನಕ್ಷೆಯ ಹಿನ್ನೆಲೆ ನೀಲಿಯಾಗಿ ಮೂಡುತ್ತಿತ್ತು. ಎಂಜಿನಿಯರುಗಳ ಆ ನೀಲಿ ಹಾಳೆಯೇ ‘ಬ್ಲೂಪ್ರಿಂಟ್’ ಆಗಿ, ಕನ್ನಡದ ‘ನೀಲನಕ್ಷೆ’ಯಾಗಿ, ಈಗ ಚುನಾವಣಾ ತಂತ್ರಕ್ಕೂ ಸಲ್ಲುತ್ತಿದೆ. ಕೆಲಸ ಮುಂದೆ ಸಾಗಗೊಡದ ಕಚೇರಿಯ ಕಟ್ಟುಕಟ್ಟಳೆಗೆ ‘ಕೆಂಪುಪಟ್ಟಿ’ ಎನ್ನಲು ಇಂಗ್ಲೆಂಡಿನ ಕಚೇರಿಗಳಲ್ಲಿ ಕಡತ ಕಟ್ಟುತ್ತಿದ್ದ ಕೆಂಪು ಲಾಡಿ ಕಾರಣ. ‘ಸಿಂಹಪಾಲು’ ಈಸೋಪನ ಕತೆಯದು. ಬೇಟೆಗೆ ಜೊತೆಯಾದ ಪ್ರಾಣಿಗಳಿಗೆ ಏನೂ ಬಿಡದೆ ಸಿಂಹ ಎಲ್ಲವನ್ನೂ ತಾನೇ ಇಟ್ಟುಕೊಳ್ಳುತ್ತದೆ. ಬಳಕೆಯಲ್ಲಿ ಅದು ‘ಹೆಚ್ಚಿನ ಪಾಲು’ ಎಂದಷ್ಟೇ ಆಗಿದೆ.

ರೈಲಿನ ಕೊಡುಗೆಯೂ ದೊಡ್ಡದು. 1864ರಲ್ಲಿ ಬೆಂಗಳೂರು ದಂಡಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂತು. ಅದರ ಮಾತು ಈಗ ರಾಜಕೀಯಕ್ಕೂ ಒದಗುತ್ತದೆ: ಸಂಪುಟ ಯೋಜನೆಗೆ ಒಪ್ಪಿಗೆ ಕೊಟ್ಟರೆ ‘ಹಸಿರು ನಿಶಾನೆ’, ಮಾತುಕತೆ ಕೆಟ್ಟರೆ ‘ಹಳಿ ತಪ್ಪಿತು’. ರಾಜಕೀಯಕ್ಕೆ ಕುದುರೆಯೂ ಒದಗಿದೆ: ಶಾಸಕರನ್ನು ಸೆಳೆಯುವ ಪ್ರಸಂಗ ಬಂದಾಗಲೆಲ್ಲ ಕರ್ನಾಟಕದ ಪತ್ರಿಕೆಗಳಲ್ಲಿ ‘ಕುದುರೆ ವ್ಯಾಪಾರ’ ಕಾಣಿಸಿಕೊಳ್ಳುತ್ತದೆ. ಕುದುರೆ ಮಾರುವವರ ಜಾಣತನದ ಚೌಕಾಸಿಯಿಂದ ಇಂಗ್ಲಿಷಿನಲ್ಲಿ ಹುಟ್ಟಿದ ಮಾತಿದು.

ಎಲ್ಲ ಅನುವಾದವೂ ನೆಟ್ಟಗೆ ಕೂರುವುದಿಲ್ಲ. ‘ಡಾರ್ಕ್ ಹಾರ್ಸ್’ ಎಂದರೆ ಯಾರ ಲೆಕ್ಕಕ್ಕೂ ಬಾರದೆ ಇದ್ದು ಕೊನೆಗೆ ಗೆಲ್ಲಬಹುದಾದ ಸ್ಪರ್ಧಿ. ಇಲ್ಲಿ ‘ಡಾರ್ಕ್’ ಬಣ್ಣವನ್ನು ಹೇಳುವುದಿಲ್ಲ, ಮರೆಯಲ್ಲಿರುವುದನ್ನು ಹೇಳುತ್ತದೆ. ಕನ್ನಡದ ‘ಕಪ್ಪು ಕುದುರೆ’ಯಲ್ಲಿ ಬಣ್ಣ ಉಳಿದು ಅರ್ಥ ಮಸುಕಾಗಿದೆ. ‘ಬಿಳಿಯಾನೆ’ಯದು ಇನ್ನೊಂದು ಬಗೆಯ ತೊಡಕು. ಸಯಾಮಿನ ರಾಜ ತನಗಾಗದವನಿಗೆ ಬಿಳಿಯಾನೆ ಉಡುಗೊರೆ ಕೊಟ್ಟು, ಅದನ್ನು ಸಾಕಲಾರದೆ ಅವನು ಮುಳುಗಿಹೋಗುವಂತೆ ಮಾಡುತ್ತಿದ್ದ ಎಂಬ ದಂತಕತೆಯಿಂದ ಇಂಗ್ಲಿಷಿನಲ್ಲಿ ಅದು ಖರ್ಚಿಗೆ ದಾರಿ, ಉಪಯೋಗಕ್ಕೆ ಬಾರದ ವಸ್ತು. ಕನ್ನಡಿಗರಿಗಾದರೋ ಬಿಳಿಯಾನೆ ಎಂದರೆ ಇಂದ್ರನ ಐರಾವತ. ಕೆಎಸ್‌ಆರ್‌ಟಿಸಿ ತನ್ನ ಐಷಾರಾಮಿ ಬಸ್ಸಿಗೆ ಇಟ್ಟ ಹೆಸರೂ ಅದೇ. ನಷ್ಟದ ನಿಗಮವನ್ನು ‘ಬಿಳಿಯಾನೆ’ ಎಂದು ಬರೆಯುವಾಗ ಓದುಗನಿಗೆ ಯಾವ ಆನೆ ನೆನಪಾಗುತ್ತದೆ ಎಂಬುದನ್ನು ಬರೆಯುವವರು ಯೋಚಿಸಬೇಕು.

ಹೆಚ್ಚು ಗೊಂದಲ ಹುಟ್ಟಿಸುವುದು ‘ಕಾಲೆಳೆ’. ಮೇಲೇರುವವನನ್ನು ಕೆಳಕ್ಕೆ ಜಗ್ಗುವುದು, ಏಳಿಗೆಗೆ ಅಡ್ಡಿಪಡಿಸುವುದು ಎಂಬ ಅರ್ಥ ಕನ್ನಡದಲ್ಲಿ ಇದಕ್ಕಿದೆ. ಇಂಗ್ಲಿಷಿನ ‘ಪುಲ್ಲಿಂಗ್ ಸಮ್‌ಒನ್ಸ್ ಲೆಗ್’ ಎಂದರೆ ತಮಾಷೆಗೆ ಛೇಡಿಸುವುದು. ‘ಸಚಿವರ ಕಾಲೆಳೆದ ನೆಟ್ಟಿಗರು’ ಎಂಬ ಶೀರ್ಷಿಕೆಯಲ್ಲಿ ಇರುವುದು ಇಂಗ್ಲಿಷ್ ಅರ್ಥ; ‘ನಮ್ಮವರೇ ನಮ್ಮ ಕಾಲೆಳೆಯುತ್ತಾರೆ’ ಎಂಬ ದೂರಿನಲ್ಲಿ ಇರುವುದು ಕನ್ನಡದ ಅರ್ಥ. ಎರಡೂ ಬಳಕೆಯಲ್ಲಿರುವುದರಿಂದ ಸಂದರ್ಭ ನೋಡಿಯೇ ಅರ್ಥ ಹಿಡಿಯಬೇಕು.

ಇದ್ದಂತೆಯೇ ಬಂದವು

ಇವುಗಳಲ್ಲಿ ಕ್ರಿಕೆಟ್ಟಿನ ಮಾತು ಎದ್ದು ಕಾಣುತ್ತದೆ. ಮಾತಿನಲ್ಲಿ ಸೋತವನು ‘ಕ್ಲೀನ್ ಬೌಲ್ಡ್’, ನಿವೃತ್ತಿಯ ನಂತರದ ಬದುಕು ‘ಸೆಕೆಂಡ್ ಇನಿಂಗ್ಸ್’, ಉತ್ತರಿಸಲಾಗದ ಪ್ರಶ್ನೆ ‘ಗೂಗ್ಲಿ’. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಕಿತ್ತಾಗ, ಅಭಿಮಾನಿಗಳು ಚಂದಾ ಎತ್ತಿ ಅವರಿಗೆ ಟೋಪಿ ಕೊಡಿಸಿದರು. ‘ಹ್ಯಾಟ್ರಿಕ್’ ಎಂಬ ಹೆಸರು ಅಲ್ಲಿಂದ ಬಂತೆನ್ನುತ್ತಾರೆ. ಕನ್ನಡದಲ್ಲಿ ಈ ಪದ ಆಟದ ಮೈದಾನವನ್ನು ಎಂದೋ ದಾಟಿದೆ. 1986ರಲ್ಲಿ ‘ಆನಂದ್’ ಚಿತ್ರದಿಂದ ನಾಯಕರಾದ ಶಿವರಾಜಕುಮಾರ್ ಅವರ ಮೊದಲ ಮೂರು ಚಿತ್ರಗಳೂ ಗೆದ್ದವು. ಅಂದಿನಿಂದ ಅವರು ‘ಹ್ಯಾಟ್ರಿಕ್ ಹೀರೋ’. ಮೂರನೇ ಬಾರಿ ಗೆದ್ದ ಶಾಸಕರದೂ ಹ್ಯಾಟ್ರಿಕ್ ಗೆಲುವೇ.

ಹೊಸ ರೂಪ ತಾಳಿದವು

ಮೂರನೆಯ ಬಗೆಯ ಮಾತು ಹುಟ್ಟುವುದು ಬೀದಿಯಲ್ಲಿ. ಬೆಂಗಳೂರಿನ ಹನುಮಂತನಗರದ 50 ಅಡಿ ರಸ್ತೆಯ ದರ್ಶಿನಿ ಹೋಟೆಲಿನ ಮುಂದೆ ಸಂಜೆ ಹೊತ್ತು ಇಂಥ ಮಾತು ಕಿವಿಗೆ ಬೀಳುತ್ತದೆ: ‘ಮಗಾ, ಒನ್ ಬೈ ಟೂ ಕಾಫಿ ಹೇಳು. ಅವನು ಸುಮ್ನೆ ಬಿಲ್ಡಪ್ ಕೊಡ್ತಾನೆ, ಜಾಸ್ತಿ ಸ್ಕೋಪ್ ತಗೊಳ್ತಾನೆ, ನೀನ್ ಟೆನ್ಶನ್ ತಗೋಬೇಡ.’ ಇಲ್ಲಿನ ಇಂಗ್ಲಿಷ್ ಪದಗಳೆಲ್ಲ ಲಂಡನ್ನಿನವನಿಗೂ ಗೊತ್ತು, ಆದರೆ ಮಾತಿನ ಅರ್ಥ ಅವನಿಗೆ ಆಗುವುದಿಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುವುದು ‘ಒನ್ ಬೈ ಟೂ’. ಇಲ್ಲದ್ದನ್ನು ಇದೆಯೆಂದು ತೋರಿಸಿಕೊಳ್ಳುವುದು ‘ಬಿಲ್ಡಪ್ ಕೊಡೋದು’. ಇಂಗ್ಲಿಷಿನಲ್ಲಿ ವ್ಯಾಪ್ತಿ, ಅವಕಾಶ ಎಂಬ ಅರ್ಥದ ‘ಸ್ಕೋಪ್’ ಇಲ್ಲಿ ಜಂಭಕ್ಕೆ ಇನ್ನೊಂದು ಹೆಸರು.

ಇಂಥ ಮಾತು ಹುಟ್ಟುವ ಕ್ರಮ ಸರಳ. ಇಂಗ್ಲಿಷಿನ ಒಂದು ನಾಮಪದಕ್ಕೆ ಕನ್ನಡದ ಒಂದು ಚಿಕ್ಕ ಕ್ರಿಯಾಪದ ಸೇರುತ್ತದೆ: ಹೊಡೆ, ಹಾಕು, ಕೊಡು, ಬಿಡು, ಇಡು, ಆಗು. ಹುಡುಗಿಯ ಹಿಂದೆ ಬೀಳುವುದು ‘ಲೈನ್ ಹೊಡೆಯೋದು’. ತರಗತಿ ತಪ್ಪಿಸುವುದು ‘ಬಂಕ್ ಹೊಡೆಯೋದು’. ಸುಳ್ಳು ಹೇಳುವುದು ‘ರೀಲು ಬಿಡೋದು’. ಇಬ್ಬರ ನಡುವೆ ತಂದಿಡುವುದು ‘ಫಿಟಿಂಗ್ ಇಡೋದು’. ಹೊಂದಿಕೆಯಾದರೆ ‘ಸೆಟ್ ಆಯ್ತು’, ಬೇಸರವಾದರೆ ‘ಮೂಡ್ ಔಟ್ ಆಯ್ತು’. ಇಂಗ್ಲಿಷ್ ಪದ ಹೆಸರನ್ನು ಕೊಡುತ್ತದೆ, ಕಾಲ, ಲಿಂಗ, ವಚನಗಳನ್ನೆಲ್ಲ ಕನ್ನಡ ಕ್ರಿಯಾಪದ ಹೊರುತ್ತದೆ. ಆದ್ದರಿಂದ ಮಾತಿನ ವ್ಯಾಕರಣ ಪೂರ್ತಿ ಕನ್ನಡವಾಗಿಯೇ ಉಳಿಯುತ್ತದೆ.

ಭೂಗತ ಲೋಕ ಮತ್ತು ಪೊಲೀಸರ ಮಾತು ಸಿನಿಮಾದ ಮೂಲಕ ಮನೆ ಹೊಕ್ಕಿತು. ಯಾರನ್ನಾದರೂ ಮುಗಿಸಲು ಸಂಚು ಮಾಡುವುದು ‘ಸ್ಕೆಚ್ ಹಾಕೋದು’. ಉದ್ದನೆಯ ಮಚ್ಚು ಬರೀ ‘ಲಾಂಗು’; ಇಂಗ್ಲಿಷಿನ ವಿಶೇಷಣ ಇಲ್ಲಿ ಆಯುಧದ ಹೆಸರೇ ಆಗಿದೆ. ಉಪೇಂದ್ರ ನಿರ್ದೇಶಿಸಿದ ‘ಓಂ’ (1995) ಗೆದ್ದ ಮೇಲೆ ಬಂದ ರೌಡಿ ಕತೆಗಳ ಸಾಲಿಗೆ ‘ಲಾಂಗು–ಮಚ್ಚಿನ ಸಿನಿಮಾ’ ಎಂಬ ಹೆಸರೇ ಬಿತ್ತು.

ಐಟಿ ಕಚೇರಿಯ ಮಾತು, ಮೊಬೈಲಿನ ಮಾತು

ಐಟಿ ಉದ್ಯಮ ತನ್ನದೇ ಪದಕೋಶ ತಂದಿತು. ಕೆಲಸವಿದ್ದೂ ಪ್ರಾಜೆಕ್ಟ್ ಇಲ್ಲದೆ ಕಾಯುವವನು ‘ಬೆಂಚ್‌ನಲ್ಲಿ’ ಇರುತ್ತಾನೆ. ‘ಬ್ಯಾಂಡ್‌ವಿಡ್ತ್ ಇಲ್ಲ’ ಎಂದರೆ ಇನ್ನೊಂದು ಕೆಲಸ ಹೊರಲು ಪುರಸೊತ್ತಿಲ್ಲ. ‘ಲೂಪ್‌ನಲ್ಲಿ ಇಡಿ’ ಎಂದರೆ ವಿಷಯ ನನಗೂ ತಿಳಿಸುತ್ತಿರಿ. ಇದೇ ಉದ್ಯಮದಿಂದಾಗಿ ಬೆಂಗಳೂರು ಇಂಗ್ಲಿಷಿಗೂ ಒಂದು ಸ್ಲ್ಯಾಂಗ್ ಕೊಟ್ಟಿತು. ಕೆಲಸ ಭಾರತಕ್ಕೆ ಹೊರಗುತ್ತಿಗೆಯಾಗಿ ನೌಕರಿ ಕಳೆದುಕೊಂಡವರು 2000ದ ದಶಕದಲ್ಲಿ ಅಮೆರಿಕದಲ್ಲಿ ತಮ್ಮನ್ನು ‘ಬ್ಯಾಂಗಲೋರ್ಡ್’ ಎಂದುಕೊಂಡರು.

ಈಗಿನ ತಲೆಮಾರಿಗೆ ಮಾತು ಬರುವುದು ಮೊಬೈಲಿನಿಂದ. ಹೇಳದೆ ಕೇಳದೆ ಸಂಪರ್ಕ ಕಡಿದುಕೊಳ್ಳುವುದು ‘ಘೋಸ್ಟ್ ಮಾಡೋದು’, ನೋಡಿದವರಿಗೇ ಮುಜುಗರವಾಗುವ ವರ್ತನೆ ‘ಕ್ರಿಂಜ್’. ಸೆಳೆಯುವ ಚಾತುರ್ಯ ‘ರಿಜ್’. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2023ರ ವರ್ಷದ ಪದವಾಗಿ ಇದನ್ನೇ ಆರಿಸಿತ್ತು. ಮರುವರ್ಷದ ಆಯ್ಕೆ ‘ಬ್ರೈನ್ ರಾಟ್’, ಹುರುಳಿಲ್ಲದ ವಿಡಿಯೊಗಳನ್ನು ನೋಡಿ ನೋಡಿ ಬುದ್ಧಿ ಜಡ್ಡುಗಟ್ಟುವ ಸ್ಥಿತಿ. ಇಂಥ ಪದಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಸ್ಲ್ಯಾಂಗ್ ತಪ್ಪುವುದು ಅರ್ಥದಲ್ಲಿ ಕಡಿಮೆ, ಸಂದರ್ಭದಲ್ಲಿ ಹೆಚ್ಚು. ‘ಮಗಾ’, ‘ಬ್ರೋ’ ಓರಗೆಯವರಲ್ಲಿ ಚೆನ್ನ. ಹಿರಿಯರಿಗೆ, ಗುರುತಿಲ್ಲದವರಿಗೆ ‘ಸಾರ್’, ‘ಮೇಡಂ’, ‘ಅಣ್ಣಾ’, ‘ಅಮ್ಮಾ’, ‘ಯಜಮಾನ್ರೇ’ ಇವೆ. ಒಂದು ಕಾಲಕ್ಕೆ ಗೌರವದ ಮಾತಾಗಿದ್ದ ‘ಆಂಟಿ’ ಹುಡುಗರ ಬಾಯಲ್ಲಿ ಕೀಳರ್ಥ ಪಡೆದಿರುವುದರಿಂದ ಅನೇಕ ಹೆಂಗಸರಿಗೆ ಹಾಗೆ ಕರೆಸಿಕೊಳ್ಳುವುದು ಇಷ್ಟವಿಲ್ಲ. ಅರ್ಜಿ, ಪರೀಕ್ಷೆಯ ಉತ್ತರ, ಸಂದರ್ಶನಗಳಲ್ಲಿ ಸ್ಲ್ಯಾಂಗ್ ಬೇಡ.

ನುಡಿಗಟ್ಟಿನ ವಿಷಯದಲ್ಲಿ ನೆನಪಿಡಬೇಕಾದ್ದು ಬೇರೆ. ಇಂಗ್ಲಿಷ್ ನುಡಿಗಟ್ಟು ಎದುರಾದಾಗ ಪದ ಬಿಡಿಸದೆ, ಅದೇ ಸಂದರ್ಭದಲ್ಲಿ ಕನ್ನಡಿಗರು ಏನೆನ್ನುತ್ತಾರೆ ಎಂದು ಕೇಳಿಕೊಳ್ಳಬೇಕು. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ಗೆ ಕುಂಭದ್ರೋಣ ಮಳೆ, ‘ಎ ಪೀಸ್ ಆಫ್ ಕೇಕ್’ಗೆ ನೀರು ಕುಡಿದಷ್ಟು ಸುಲಭ, ‘ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ’ಗೆ ಅತ್ತ ದರಿ ಇತ್ತ ಪುಲಿ, ‘ಸ್ಕೇಪ್‌ಗೋಟ್’ಗೆ ಹರಕೆಯ ಕುರಿ ಮೊದಲೇ ಇವೆ. ಕನ್ನಡದಲ್ಲಿ ಇಲ್ಲದ ಕಡೆ ಎರವಲು ತರುವುದರಲ್ಲಿ ತಪ್ಪಿಲ್ಲ. ‘ಎರವಲು ಪದಕೋಶ’ವನ್ನೇ ರಚಿಸಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ (1913–2021), ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಪರಭಾಷೆಯ ಪದ ಬಂದ ಮಾತ್ರಕ್ಕೆ ಕನ್ನಡ ಕೆಡುವುದಿಲ್ಲ. ಕೈಯಲ್ಲಿರುವ ಒಳ್ಳೆಯ ನುಡಿಗಟ್ಟನ್ನು ಮರೆತು ಅರ್ಥ ಕೂರದ ಅನುವಾದ ಬಳಸಿದರೆ ಕೆಡುತ್ತದೆ. ಎರವಲು ತರುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.